ಆರನೇ ಗಂಟು

...ನಗಬೇಡ ಲೋಕಮ್ಮ, ನಗಬೇಡ! ಹೊಟ್ಟೆ ಕಟ್ಟಿಕೊಂಡಿರೋ ಬಾಣಂತಿ ಇಷ್ಟು ನಗಬಾರದು. ಟವಲಿಗೆ ಗಂಟು ಹಾಕ್ಕೊಂಡು ಬಂದೆ. ತಪ್ಪಾ? ನಿಮ್ಮಪ್ಪನಿಗೆ ಬರೆಯೋಕೆ ಬರಲ್ಲ. ಹೆಸರಿಗೊಂದು ಗಂಟು. ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿದವನು ಸೊರಬದ ತನಕ ಗಂಟು ಮುಟ್ಟಿಕೊಂಡೇ ಬಂದೆ. ಪಕ್ಕದವನು ಬಂಗಾರ ಅಂದ್ಕೊಂಡು ದಿಟ್ಟಿಸ್ತಿದ್ದ.

ನೀನೇ ಅಲ್ವಾ ಹೇಳಿ ಕಳಿಸಿದ್ದು? "ಅಪ್ಪಾ, ಈ ಕೇರಿಯಲ್ಲೇ ಮೂರು ಸರೋಜ, ನಾಲ್ಕು ಸುಶೀಲ. ನನ್ನ ಮಗಳಿಗೆ ನಮ್ಮ ಕಡೆಯ ಹಳೇ ಹೆಸರು ತಗೊಂಡು ಬಾ" ಅಂತ. ಮಧ್ಯಾಹ್ನ ತೊಟ್ಟಿಲಿಗೆ ಹಾಕೋದು. ಅಷ್ಟರೊಳಗೆ ನಾವು ಹೇಳದಿದ್ರೆ ನಿನ್ನ ನಾದಿನಿ ಮಗು ಕಿವಿಯಲ್ಲಿ ಸುಶೀಲ ಅಂದುಬಿಡ್ತಾಳೆ. ಐದನೇ ಸುಶೀಲ!

ಮೊದಲನೇ ಗಂಟು. ತಿಪ್ಪಮ್ಮ.

ಯಾಕೆ ಮೂಗು ಮುರೀತೀಯ? ನನ್ನ ಅಜ್ಜಿ ಕಣೇ ಅವಳು. ಹಿಂದಿನ ಮೂರು ಮಕ್ಕಳು ಉಳಿಯಲಿಲ್ಲ ಅಂತ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡ್ರಂತೆ. ತೊಂಬತ್ತು ವರ್ಷ ಬಾಳಿದ್ಲು! ಮೂರು ಜನ ಪಟೇಲರನ್ನ ಸಾಗಹಾಕಿ ಹೋದ್ಲು. ...ಬೇಡವಾ? ಆಯ್ತು. ಬಿಚ್ಚಿದೆ.

ಸಾಕಮ್ಮ. ಐದು ಹೆಣ್ಣಾದ ಮೇಲೆ ಸಾಕು ದೇವರೇ ಅಂತ ಇಟ್ಟಿದ್ದು. ಆಮೇಲೆ ಮತ್ತೆರಡು ಹೆಣ್ಣು! ...ನಗಬೇಡ ಅಂದೆನಲ್ಲ! ನಿಮ್ಮತ್ತೆ ಶೇಷಮ್ಮ ಇಣುಕಿ ನೋಡ್ತಿದಾರೆ. ಏನಿಲ್ಲ ಬೀಗಿತಿಯಮ್ಮ, ಹೆಸರು ನೋಡ್ತಿದೀವಿ, ನೀವು ಒಗ್ಗರಣೆ ನೋಡ್ಕೊಳ್ರಿ!

ಅಡಿವೆಮ್ಮ. ಹುಲಿಯಮ್ಮ... ಹುಲಿ ಹೆಸರಿಟ್ಕೊಂಡು ಬೆಕ್ಕಿಗೆ ಹೆದರ್ತಿದ್ಲು, ಬಿಡು. ಗುತ್ಯಮ್ಮ. ಚಂದ್ರಗುತ್ತಿ ದೇವಿ ಹೆಸರು, ಇವರ ಮನೆಗೂ ಒಪ್ಪತ್ತೆ. ಐದಾಯ್ತು. ನಯಾಪೈಸೆ ಬಂದು ಆಣೆ ಹೋದಂಗೆ ಈ ಹೆಸರೆಲ್ಲ ಹೋದವು ನೋಡು. ಮುಗೀತು.

ಆರನೇದಾ? ಎಲ್ಲಿ... ಓ, ಇದಾ! ಇದು ಸುಮ್ನೆ. ಎಲೆ ಅಡಿಕೆ ಕಟ್ಟಿದ್ದು. ಕೊಡು ಇತ್ತ. ಎಳೀಬೇಡ, ಮಗು ಏಳ್ತೈತೆ!

...ಬಿಚ್ಚಿದ್ಯಾ.

ಹೌದು. ಎಲೆ ಇಲ್ಲ. ಅಡಿಕೆನೂ ಇಲ್ಲ.

ಅವ್ವನ ಹೆಸರಾ? ಅಯ್ಯೋ, ಅದ್ಯಾಕೆ ಈ ಕೂಸಿಗೆ! ಮುದುಕಿ ಹೆಸರು. ಉದ್ದ ಬೇರೆ. ಶಾಲೆಯಲ್ಲಿ ಆಡ್ಕೊಳ್ತಾರೆ... ಹಾಗಲ್ಲ ಕಣವ್ವ. ನನಗೇನು ಅವಳ ಮೇಲೆ... ಅವಳಿದ್ದಿದ್ರೆ ಈ ಬಾಣಂತನ ನಮ್ಮೂರು ಬಳ್ಳಿಗಾವಿಯಲ್ಲೇ ಆಗ್ತಿತ್ತು. ನನಗೆ ಗೊತ್ತಿಲ್ವಾ?

ಲೋಕಮ್ಮ. ಮಾತಾಡು. ಬೈದಾದ್ರೂ ಬಿಡು.

ಹೀಗೆ ಸುಮ್ಮನೆ ಕೂತ್ರೆ ನಿಮ್ಮವ್ವನೇ ಕೂತಂಗೈತೆ. ಅವಳೂ ಹಿಂಗೇ. ತಾನು ಮಾತು ನಿಲ್ಲಿಸಿ ನನ್ನ ಬಾಯಿ ಬಿಡಿಸ್ತಿದ್ಲು.

ಹೇಳ್ತೀನಿ. ನಗಬಾರದು. ಆ ಹೆಸರು ಕೊಟ್ಟುಬಿಟ್ಟೆ. ...ಕರುವಿಗೆ.

ಅವಳು ಸಾಕಿದ ಹಸು. ಅವಳು ಹೋಗಿ ತಿಂಗಳಿಗೆ ಹೆಣ್ಣು ಕರು ಹಾಕ್ತು. ನೋಡು, ಅವಳು ನನ್ನ ಸೋದರಮಾವನ ಮಗಳು. ಸಣ್ಣೋರಿದ್ದಾಗ ಕೆರೆ ಏರಿ ಮೇಲೆ ನಿಂತು ಆ ಹೆಸರು ಕೂಗ್ತಿದ್ದೆ. ತಾಳಿ ಕಟ್ಟಿದ ಮೇಲೆ ಗಂಡ ಅನ್ನೋನು ಹೆಸರು ಹಿಡಿದು ಕೂಗ್ತಾನಾ? ಮೂವತ್ತು ವರ್ಷ "ಇವಳೇ" ಅಂದೆ. "ಎಲ್ಲಿದೀಯ" ಅಂದೆ. ಅಷ್ಟೇ. ಈಗ ದಿನಾ ಸಂಜೆ ಹಿತ್ತಲಲ್ಲಿ ಬಾಯಿ ತುಂಬ ಕೂಗ್ತೀನಿ. ಮುದುಕ ಕರು ಕರೀತಾನೆ ಅಂತಾರೆ ಜನ. ಅನ್ನಲಿ.

ಗಂಟೇನೋ ಹಾಕ್ಕೊಂಡೆ. ಬಸ್ಸಿನಲ್ಲಿ ಧೈರ್ಯ ಹೋಯ್ತು. ಕರುವಿನ ಹೆಸರು ಮೊಮ್ಮಗಳಿಗಿಟ್ಟ ಅಂತ ಬೀಗರು ಏನಂದಾರು?

ಅಳ್ತೀಯಾ? ನಗ್ತೀಯಾ? ಎರಡರಲ್ಲಿ ಒಂದು ಮಾಡು ತಾಯಿ!

ಏನಂದೆ? ಕರುವಿಗೆ ಸುಶೀಲ ಅಂತ ಇಡೋದಾ? ಮೆಲ್ಲಗೆ, ನಿನ್ನ ನಾದಿನಿ ಕೇಳಿಸ್ಕೊಂಡಾಳು!

...ನಾನಾ? ಈಗಲೇ? ಹೆಸರು ಕರೆಯೋಳು ಸೋದರತ್ತೆ ಅಲ್ವಾ... ಅವಳಿಗಿಂತ ಮುಂಚೆನಾ? ಕೊಡು, ಕೂಸು ಕೊಡು. ಕತ್ತು ಹಿಡ್ಕೊಂಡಿದೀನಿ. ಬಾಗಿಲು ಮುಂದೆ ಮಾಡು.

ಕೇದಾರಮ್ಮಾ...

ನೋಡಿದ್ಯಾ! ಲೋಕಮ್ಮ, ನೋಡಿದ್ಯಾ! ಒಂದೇ ಕೂಗಿಗೆ ತಿರುಗಿದ್ಲು. ಆ ಕರುವಿಗೆ ಮೂರು ಸಲ ಕೂಗಬೇಕು.