ಮೇನ್ ಸ್ವಿಚ್ ಆಫ್ ಮಾಡಿದ ಅಪ್ಪ

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಎಲೆಕ್ಟ್ರಿಷಿಯನ್ ಕೂತಿದ್ದರು. ಅಂಗಿಯ ಜೇಬಿನಿಂದ ಟೆಸ್ಟರ್ ಇಣುಕುತ್ತಿತ್ತು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ ಮಗಳು ಕೆನ್ನೆ ಹಿಡಿದುಕೊಂಡೇ ನಗುತ್ತಿದ್ದಳು.

"ಕ್ಲಿಪ್ಪಿನ ತಂತಿ ಇನ್ನೂ ಚುಚ್ತಿದೆಯೇನಮ್ಮ?"

"ಇಲ್ಲಪ್ಪ. ತುದಿಗೆ ಮೇಣ ಮೆತ್ತಿದೀನಲ್ಲ, ಈಗ ಹಾಯಾಗಿದೆ."

"ಡಾಕ್ಟ್ರು ಮೇಣ ಕೊಟ್ಟಿದಾರೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ನಾನು ಕಟಿಂಗ್ ಪ್ಲೇಯರ್ ತೊಳ್ಕೊಂಡು ಬಂದ್ಬಿಟ್ಟಿದ್ದೆ."

"ನಂಗೂ ಮರ್ತೇ ಹೋಗಿತ್ತು. ಫೋನಲ್ಲಿ ಇಲ್ಲಿನ ಸಿಸ್ಟರ್ ನೆನಪಿಸಿದ್ರು. ಮನೇಲಿ ಕತ್ತರಿಸ್ಬೇಡಿ, ತುಂಡು ಗಂಟಲಿಗೆ ಇಳಿದ್ರೆ ಕಷ್ಟ ಅಂದ್ರು."

"ಸದ್ಯ, ಫೋನ್ ಮಾಡಿದ್ಯಲ್ಲ."

"ನೀನು ಟೈಮ್ ಕೊಟ್ಟೆ, ಮಾಡ್ದೆ. ನನ್ನ ಬಾಯೊಳಗಿನ ತಂತಿ ಮುಟ್ಟೋಕೆ ಮುಂಚೆ ಮೇನ್ ಸ್ವಿಚ್ ಆಫ್ ಮಾಡಕ್ಕೆ ಕೆಳಗಡೆ ಹೋದ್ಯಲ್ಲಪ್ಪ!"

"ಮೂವತ್ತು ವರ್ಷದ ಅಭ್ಯಾಸ ಕಣೆ. ತಂತಿ ಅಂದ್ರೆ ಕಾಲು ತಾನಾಗೇ ಆ ಕಡೆ ಹೋಗುತ್ತೆ."

"ಆ ಅಭ್ಯಾಸನೇ ಇವತ್ತು ನನ್ನ ಕಾಪಾಡ್ತು."

"ಭಯ ಬೇರೆ ಆಗಿತ್ತು. ಕರೆಂಟ್ ಕಂಬದ ಮೇಲೂ ಇಷ್ಟು ಹೆದರಿದವನಲ್ಲ ನಾನು."

"ನೋಡ್ದೆ. ಅದಕ್ಕೇ ನಿಂಗೆ ಬೈಲಿಲ್ಲ."

ಅಷ್ಟರಲ್ಲಿ ಸಿಸ್ಟರ್ ಬಾಗಿಲು ತೆರೆದು ಕರೆದರು.

"ನಾನೂ ಬರ್ಲಾ?"

"ಬಾರಪ್ಪ, ನೀನು ಪಕ್ಕದಲ್ಲಿದ್ರೆ ನಂಗೆ ಧೈರ್ಯ. ಆದ್ರೆ ಡಾಕ್ಟ್ರ ಸ್ವಿಚ್ ಬೋರ್ಡ್ ಹತ್ರ ಮಾತ್ರ ಹೋಗ್ಬೇಡ."

ಅವರು ಟೆಸ್ಟರನ್ನು ಜೇಬಿನಿಂದ ತೆಗೆದರು. "ಇದನ್ನ ಸ್ವಲ್ಪ ನೋಡ್ಕೊಳ್ಳಿ ಸಾರ್" ಎಂದು ನನ್ನ ಕೈಗಿಟ್ಟು, ಮಗಳ ಬೆರಳು ಹಿಡಿದು ಒಳಗೆ ಹೋದರು.