ಕೋಸಂಬರಿಯ ಉಪ್ಪು

೧೯೭೮ರ ಒಂದು ಮಧ್ಯಾಹ್ನ, ಬೆಳಗಾವಿಯ ಖಾನಾಪುರ ಬಸ್ಸಿನ ಸರದಿಯಲ್ಲಿ ಅತಿ ಗಂಭೀರವಾದ ಪ್ರಶ್ನೆಯೊಂದು ಎದ್ದಿತು: ಸೌತೆಕಾಯಿ ಕೋಸಂಬರಿ ನೀರಾಗುವುದೇಕೆ? ಕೇಳಿದವರು ಯುಗಾದಿಗೆ ಹೆಂಡತಿ ಶಿವಲಿಂಗವ್ವನನ್ನು ಕಳೆದುಕೊಂಡಿದ್ದ, ಕ್ಯಾಂಪ್ ಬಡಾವಣೆಯ ಗುರುಪುತ್ರಪ್ಪ; ಸಂತೆಚೀಲ ಹಿಡಿದು, ಊರಿಗೆ ಹೊರಟ ನೆರೆಮನೆಯ ಕೃಷ್ಣಾಬಾಯಿಯನ್ನು ಹುಡುಕಿಕೊಂಡು ಬಂದಿದ್ದರು. ಹಿಂದೆ ನಿಂತ ಈರಯ್ಯ ಮಾಸ್ತರರು ಪೇಪರು ಮಡಚಿ ಕಿವಿಗೊಟ್ಟರು.

“ಶೇಂಗಾಪುಡಿ, ಲಿಂಬಿಹಣ್ಣು, ಒಗ್ಗರಣಿ, ಎಲ್ಲಾ ಹಾಕೇನ್ರಿ ಬಾಯಿ. ಆಕಿ ಮಾಡಿದಂಗ ಆಗವಲ್ದು.”

“ಉಪ್ಪು ಯಾವಾಗ ಹಾಕ್ತೀರಿ?”

“ಮುಂಜಾನೆ ಹೆಚ್ಚಿದ ಕೂಡ್ಲೇ. ಸಂಜೀಕ ಉಣ್ಣತೇನಿ.”

“ಅಯ್ಯ, ಅಷ್ಟೊತ್ತಿಗೆ ಸವತಿಕಾಯಿ ಈಸಾಡ್ತದಲ್ರೀ! ನೀವು ತಾಟಿನ ಮುಂದ ಕುಂತ ಮ್ಯಾಲನ ಶಿವಲಿಂಗವ್ವ ಉಪ್ಪು ಕಲಸ್ತಿದ್ರು.”

“ನಾ ಕುಂತ ಮ್ಯಾಲ?”

“ಮೂವತ್ತು ವರ್ಷ ನೋಡ್ಲಿಲ್ಲೇನು?”

“ನಾ ಪೇಪರ್ ಓದತಿದ್ದೆ.”

ಬಸ್ಸು ಬಂತು. ಕೃಷ್ಣಾಬಾಯಿ ಹತ್ತಿದರು, ಮಾಸ್ತರರೂ ಹತ್ತಿದರು. ಕಿಟಕಿಯಿಂದ ನೋಡಿದರೆ ಗುರುಪುತ್ರಪ್ಪ ಬೆಂಚಿನ ಮೇಲೆ ಕೂತು, ಚೀಲದ ಸೌತೆಕಾಯಿಯನ್ನು ಉಪ್ಪಿಲ್ಲದೆ ತಿನ್ನುತ್ತಿದ್ದರು.