ಉಗಿ ಕೊಳವೆಯ ಕೆಳಗೆ ಹದಿನೆಂಟನೇ ತಟ್ಟೆ

ಅಧ್ಯಕ್ಷ ಪೀಠದಲ್ಲಿರುವ ಕಾರ್ಮಿಕ ಸಂಘದ ದೋನ್ ಬೆಲಿಸಾರಿಯೊ ಅವರೇ, ಈ ಸಭಾಂಗಣವನ್ನು ಮೀನಿನ ವಾಸನೆ ಸಮೇತ ನಮಗೆ ಬಿಟ್ಟುಕೊಟ್ಟ ಬೆಸ್ತರ ಸಂಘದ ಹಿರಿಯರೇ, ಇಂದು ನಿವೃತ್ತರಾಗಿ ಸನ್ಮಾನ ಸ್ವೀಕರಿಸುತ್ತಿರುವ ದೋನ್ಯಾ ಎದುವಿನಾ ಅವರೇ, ಮತ್ತು ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ಈ ಊರಿನ ವಿದ್ಯುತ್ ಸ್ಥಾವರಕ್ಕೆ ಹದಿನೈದು ವರ್ಷ ಮುಖ್ಯಸ್ಥನಾಗಿದ್ದವನು. ಹತ್ತು ನಿಮಿಷದಲ್ಲಿ ಮುಗಿಸಿದ ಸಭೆ ಒಂದೂ ನೆನಪಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ದೋನ್ಯಾ ಎದುವಿನಾ ಮಾಡುತ್ತಿದ್ದ ಕೆಲಸವೇನು? ಬೆಸುಗೆ ನೋಡುವುದು. ಅಷ್ಟೇನೇ ಎಂದು ಕೇಳಬೇಡಿ. ನಾನೂ ಬಹಳ ವರ್ಷ ಹಾಗೆಯೇ ಕೇಳುತ್ತಿದ್ದೆ. ಐನೂರ ನಲವತ್ತು ಡಿಗ್ರಿ ಬಿಸಿಯ ಉಗಿಯನ್ನು ಹೊತ್ತ ಉಕ್ಕಿನ ಕೊಳವೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತಿರುತ್ತದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಕ್ರೀಪ್ ಎನ್ನುತ್ತೇವೆ. ವಿಚಿತ್ರವೇನೆಂದರೆ, ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ. ಸೋಲುವುದು ಅದರ ಪಕ್ಕದ ಸಣ್ಣ ಪಟ್ಟಿ, ಬೆಸುಗೆಯ ಕಾವು ತಾಗಿ ಬಲ ಕಳೆದುಕೊಂಡ ಭಾಗ. ಅಲ್ಲಿ ಸೂಜಿಮೊನೆಗಿಂತ ಸಣ್ಣ ತೂತುಗಳು ಹುಟ್ಟುತ್ತವೆ. ವರ್ಷಗಟ್ಟಲೆ ಕಾಯುತ್ತವೆ. ಕೊನೆಗೊಮ್ಮೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈಕೆ ಆ ಜಾಗವನ್ನು ಕನ್ನಡಿಯಂತೆ ಉಜ್ಜಿ, ತೆಳು ಹಾಳೆ ಒತ್ತಿ ಅಚ್ಚು ತೆಗೆದು, ಸೂಕ್ಷ್ಮದರ್ಶಕದಲ್ಲಿ ಆ ತೂತುಗಳನ್ನು ಹುಡುಕುತ್ತಿದ್ದರು.

ಹೀಗೇ ಒಂದು ವರ್ಷ ಮೇ ತಿಂಗಳಲ್ಲಿ ಸ್ಥಾವರ ಮೂರು ದಿನ ನಿಂತಿದ್ದಾಗ ಮುಖ್ಯ ಉಗಿ ಕೊಳವೆಯ ಅಚ್ಚು ತೆಗೆದರು. ಅದನ್ನು ನೋಡಿ ಮುಗಿಸುವ ಹೊತ್ತಿಗೆ ಸ್ಥಾವರ ಮತ್ತೆ ಓಡುತ್ತಿತ್ತು. ವರದಿ ಹಿಡಿದು ನನ್ನ ಕೋಣೆಗೆ ಬಂದರು.

"ಸಾಹೇಬ್ರೆ, ತೂತುಗಳು ಸಾಲುಗಟ್ಟಿ ನಿಂತಿವೆ. ಸ್ಥಾವರ ನಿಲ್ಸಿ."

"ಡಿಸೆಂಬರ್‌ನಲ್ಲಿ ಹೇಗೂ ನಿಲ್ಲಿಸ್ತೀವಲ್ಲಮ್ಮ."

"ಅದಕ್ಕೆ ಡಿಸೆಂಬರ್ ಅಂದ್ರೇನು ಅಂತ ಗೊತ್ತಿಲ್ಲ ಸಾಹೇಬ್ರೆ."

ಸಭಿಕರೇ, ಆ ವರದಿಯನ್ನು ನಾನು ಕಡೆಗಣಿಸಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಭದ್ರವಾಗಿಟ್ಟೆ. ಡಿಸೆಂಬರ್‌ವರೆಗೆ ನಿಲ್ಲದೆ ಓಡಿಸಿದರೆ ರಾಜಧಾನಿಯ ಕಚೇರಿಯಲ್ಲಿ ನನಗೊಂದು ದೊಡ್ಡ ಕುರ್ಚಿ ಸಿಗುತ್ತದೆಂಬ ಮಾತಿತ್ತು, ನಿಜ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದ್ದಿದ್ದರೆ ನಾನೇಕೆ ಹೇಳುತ್ತಿದ್ದೆ?

ಆ ಕೊಳವೆಯ ಕೆಳಗೊಂದು ಮೂಲೆಯಿತ್ತು. ಜೂನ್‌ನಲ್ಲಿ ನಮ್ಮ ಚಳಿಗಾಲ ಶುರುವಾಗಿ ಸಮುದ್ರದಿಂದ ಮಂಜು ನುಗ್ಗಿದಾಗ ಇಡೀ ಸ್ಥಾವರದಲ್ಲಿ ಬೆಚ್ಚಗಿನ ಜಾಗ ಅದೊಂದೇ. ಕಬ್ಬಿಣದ ಮೇಜು ಹಾಕಿಕೊಂಡು ಹದಿನಾರು ಕೆಲಸಗಾರರು ಮತ್ತು ದೋನ್ಯಾ ಎದುವಿನಾ ಅಲ್ಲೇ ಊಟ ಮಾಡುತ್ತಿದ್ದರು. ಈಕೆ ಆ ಮೂಲೆಗೆ ಅಡ್ಡ ಹಗ್ಗ ಕಟ್ಟಿದರು. ನಾನು ಬಿಚ್ಚಿಸಿದೆ. ಅಪಾಯವಿಲ್ಲವೆಂದು ಚೀಟಿ ಬರೆದು, ಸಹಿ ಹಾಕಿ ಗೋಡೆಗೆ ಅಂಟಿಸಿದೆ. ಎಲ್ಲರ ಎದುರಿಗೇ ಈಕೆ ನನಗೆ ಹೇಳಿದರು:

"ಹಂಗಾದ್ರೆ ಒಂದು ಹೊತ್ತು ನಮ್ ಜೊತೆ ಊಟಕ್ಕೆ ಬನ್ನಿ ಸಾಹೇಬ್ರೆ. ನಿಮ್ಗೂ ಒಂದು ತಟ್ಟೆ ಇಡ್ತೀನಿ. ಸೋಮವಾರ ಮೀನಿನ ಸಾರು."

"ಅದಕ್ಕೇನಂತೆ, ಖಂಡಿತ ಬರ್ತೀನಿ" ಎಂದೆ.

ಸೋಮವಾರ ಕೊನೆಯ ಮೆಟ್ಟಿಲವರೆಗೆ ಇಳಿದೆ. ಹದಿನೇಳು ಜನ ತಿರುಗಿ ನೋಡಿದರು. ಹದಿನೆಂಟನೇ ತಟ್ಟೆಯಿಂದ ಹಬೆ ಏಳುತ್ತಿತ್ತು. ಡಾಕ್ಟರು ಮೀನು ಬೇಡವೆಂದಿದ್ದಾರೆ ಎಂದು ಹೇಳಿ ವಾಪಸಾದೆ. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ನಗುತ್ತಿದ್ದಾಳೆ. ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು, ಆಕೆಗೆ ಗೊತ್ತು. ಮಂಗಳವಾರ ದೋನ್ಯಾ ಎದುವಿನಾ ಮಾಂಸ ಮಾಡಿಸಿದರು. ನನಗೆ ರಾಜಧಾನಿಯಿಂದ ಫೋನು ಬಂತು. ಬುಧವಾರ ಬರೀ ಕುಂಬಳಕಾಯಿ, ಆಲೂಗಡ್ಡೆ. ನನಗೆ ಹಸಿವೇ ಇರಲಿಲ್ಲ. ಗುರುವಾರ ವಾಲ್ದೊ ಎಂಬ ಫಿಟ್ಟರು, ಹಿಂದೆ ಕುಳಿತಿದ್ದಾನೆ ನೋಡಿ, ಎದ್ದು ನಿಂತು ತನ್ನ ತಟ್ಟೆ ಎತ್ತಿಕೊಂಡನಂತೆ.

"ಸಹಿ ಹಾಕಿದೋನೇ ಬಂದು ಕೂರಲ್ಲ ಅಂದ್ರೆ ನಾವ್ಯಾಕ್ರೋ ಇಲ್ಲಿ ಕೂರ್ಬೇಕು? ಏಳ್ರೋ!"

ಬೆಂಚುಗಳನ್ನು ಹೊತ್ತುಕೊಂಡು ಎಲ್ಲರೂ ದಡದ ಗೋದಾಮಿಗೆ ಹೋದರು. ಅಲ್ಲಿ ಚಳಿಗೆ ನಡುಗುತ್ತಾ ಉಂಡರು. ನನಗೆ ಬಹಳ ಅವಮಾನವಾಯಿತು. ಜಾಗ ಬಿಟ್ಟು ಹೋದದ್ದಕ್ಕೆ ಅವರಿಗೆಲ್ಲ ಕೊಡಲು ನೋಟಿಸು ಕೂಡ ಬರೆದಿಟ್ಟೆ.

ಆರು ದಿನ ಕಳೆದು ಬುಧವಾರ, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ಆಕೆ ತೋರಿಸಿದ ಬೆಸುಗೆಯ ಪಕ್ಕದಲ್ಲೇ ಕೊಳವೆ ಸೀಳಿತು. ಉಗಿಯ ಹೊಡೆತಕ್ಕೆ ಆ ಕಬ್ಬಿಣದ ಮೇಜು ಮಡಿಚಿಟ್ಟ ಬಟ್ಟೆಯಂತಾಗಿತ್ತು. ನಾನು ಗೋದಾಮಿನವರೆಗೆ ಓಡಿದೆ. ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಹದಿನೇಳು. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ. ವಾಲ್ದೊ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ ನನ್ನನ್ನೇ ನೋಡುತ್ತಿದ್ದ.

ವಿಚಾರಣೆಗೆ ಮೂವರು ಬಂದರು. ಆ ಜಾಗ ಖಾಲಿ ಮಾಡಿಸಿದವರು ಯಾರು ಎಂದು ಕೇಳಿದರು. "ಆಡಳಿತದ ಮಟ್ಟದಲ್ಲಿ ತೀರ್ಮಾನವಾಯಿತು" ಎಂದೆ. ಆಮೇಲೆ ದೋನ್ಯಾ ಎದುವಿನಾ ಅವರನ್ನು ಕರೆದರು. ಈಕೆ ಇಷ್ಟೇ ಹೇಳಿದರು:

"ಹೌದು, ಸಾಹೇಬ್ರು ನಡ್ಕೊಂಡಿದ್ದನ್ನ ನೋಡೇ ಎಲ್ರೂ ಎದ್ದು ಹೋದ್ರು."

ಒಂದಕ್ಷರ ಸುಳ್ಳಿಲ್ಲ. 'ಸ್ವಂತ ನಡತೆಯಿಂದ ಸಿಬ್ಬಂದಿಗೆ ಮಾದರಿಯಾದ ಅಧಿಕಾರಿ' ಎಂದು ಅವರು ಬರೆದುಕೊಂಡರು. ವರ್ಷದ ಸುರಕ್ಷತಾ ಪದಕ ನನಗೆ ಬಂತು. ಅದು ಈಗ ನನ್ನ ಜೇಬಿನಲ್ಲಿದೆ. ಇಂದು ಈ ವೇದಿಕೆಯಲ್ಲಿ ಈಕೆಯ ಕೊರಳಿಗೆ ಹಾಕಿ ಭಾಷಣ ಮುಗಿಸಬೇಕು, ನೀವೆಲ್ಲ ಚಪ್ಪಾಳೆ ತಟ್ಟಬೇಕು ಎಂದುಕೊಂಡಿದ್ದೆ. ಒಳಗೆ ಬರುವಾಗ ಬಾಗಿಲ ಬಳಿ ಸಿಕ್ಕರು. ವಿಷಯ ತಿಳಿಸಿದೆ. ಈಕೆ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಬೇಡ ಸಾಹೇಬ್ರೆ, ಅದು ನಿಮ್ದೇ. ನೀವು ಅವತ್ತು ಧೈರ್ಯ ಮಾಡಿ ಬಂದು ಊಟಕ್ಕೆ ಕೂತಿದ್ರೆ, ನಾವು ಹದಿನೇಳು ಜನಾನೂ ಅಲ್ಲೇ ಕೂತಿರ್ತಿದ್ವಿ."

ಪದಕವನ್ನು ಮತ್ತೆ ಜೇಬಿಗಿಟ್ಟುಕೊಂಡು ಒಳಗೆ ಬಂದೆ. ಹತ್ತು ನಿಮಿಷ ದಾಟಿದೆ ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅವರಿಗೆ, ನಿಮಗೆ, ಗೋದಾಮಿನಲ್ಲಿ ಚಳಿ ತಡೆದುಕೊಂಡ ಎಲ್ಲರಿಗೂ ನನ್ನ ವಂದನೆ. ದೋನ್ಯಾ ಎದುವಿನಾ, ನಿಮಗೆ ನಮಸ್ಕಾರ.